ಡಿಸೈನ್ ಖೋಲಿಯ ಮೂರು ಹಳೆಯ ಕಂಪ್ಯೂಟರ್‌ಗಳು

ಗಣಪತಿಯನ್ನು ನೀರಿಗೆ ಕಳಿಸಿದ ಮರುವಾರ ಕಂಪ್ಯೂಟರ್ ಮಾರುವವರೊಬ್ಬರು ನಮ್ಮ ಕಾರಖಾನೆಗೆ ಬಂದರು. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ನಮ್ಮದು ಚಾದರ, ಟಾವೆಲ್ ನೇಯುವ ಕಾರಖಾನೆ. ನಾನು ಅಲ್ಲಿಯ ಡಿಸೈನರ್. ಚಾದರದ ಮೇಲಿನ ಹೂವು, ನವಿಲು, ಅಂಚಿನ ಬಳ್ಳಿ ಎಲ್ಲವೂ ಮೊದಲು ನನ್ನ ಖೋಲಿಯಲ್ಲಿ ಹುಟ್ಟಬೇಕು, ಆಮೇಲೆ ಮಗ್ಗಕ್ಕೆ ಹೋಗಬೇಕು. ಬಂದವರು ಖೋಲಿಯ ನಡುವೆ ನಿಂತು ನನ್ನ ಮೂರು ಕಂಪ್ಯೂಟರ್‌ಗಳನ್ನು ಒಂದೊಂದಾಗಿ ನೋಡಿದರು. ಒಂದರ ಹಿಂದೆ ಬಗ್ಗಿ ಅಂಟಿಸಿದ್ದ ಚೀಟಿ ಓದಿದರು. ಆಮೇಲೆ ಸಾವ್ಕಾರರ ಕಡೆ ತಿರುಗಿದರು.

"ಸಾವ್ಕಾರ್ರ, ದೀಪಾವಳಿ ಬರೂದ್ರಾಗ ಈ ವಿಂಡೋಸ್‌ಗೆ ಅಪ್ಡೇಟ್ ಬಂದ್ ಆಗ್ತಾವ. ಹೊಸಾ ವಿಂಡೋಸ್ ಈ ಮಷೀನಿನ್ಯಾಗ ಕೂಡೂದಿಲ್ಲ. ಮೂರೂ ಭಂಗಾರಕ್ಕ ಹಾಕ್ರಿ. ನಾ ನಾಲ್ಕು ದಿನದಾಗ ಹೊಸಾವು ಕೂಡಿಸಿ ಕೊಡ್ತೀನಿ."

ಭಂಗಾರ ಎಂದರೆ ನಮ್ಮ ಕಡೆ ಗುಜರಿ. ಅವರು ಸುಳ್ಳೇನೂ ಹೇಳಿರಲಿಲ್ಲ. ಅಪ್ಡೇಟ್ ನಿಲ್ಲುವ ಸುದ್ದಿ ನನ್ನ ಪರದೆಯ ಮೇಲೂ ತಿಂಗಳುಗಟ್ಟಲೆ ಬರುತ್ತಿತ್ತು. ಅಪ್ಡೇಟ್ ನಿಂತ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಿ ಇಡುವುದೆಂದರೆ ಬಾಗಿಲಿಗೆ ಚಿಲಕ ಹಾಕದೆ ಊರಿಗೆ ಹೋದಂತೆ ಎಂಬುದೂ ಗೊತ್ತಿತ್ತು.

ಸಾವ್ಕಾರರು ಅರವತ್ತು ದಾಟಿದವರು. ಅವರ ತಂದೆ ಕಟ್ಟಿದ ಕಾರಖಾನೆ ಇದು. ನನ್ನನ್ನು ಮೊದಲ ದಿನದಿಂದಲೂ ತಂಗಿ ಎಂದೇ ಕರೆದವರು. "ಏನಂತಿ, ತಂಗೆವ್ವಾ?" ಎಂದರು.

"ಒಂದು ತಿಂಗಳು ಟೈಮ್ ಕೊಡ್ರಿ, ಸಾವ್ಕಾರ್ರ. ನೋಡಿ ಹೇಳ್ತೀನಿ."

"ನೋಡೂದೇನೈತಿ ಅದರಾಗ? ತಿಳಿದವರು ಹೇಳಾಕತ್ಯಾರ."

"ಅವರಿಗೆ ಕಂಪ್ಯೂಟರ್ ತಿಳೀತೈತ್ರಿ. ಅದರೊಳಗ ಏನೈತಿ ಅನ್ನೂದು ನನಗ ತಿಳೀತೈತಿ."

ಇಷ್ಟು ಗಟ್ಟಿಯಾಗಿ ನಾನು ಅವರೆದುರು ಮಾತಾಡಿದ್ದು ಅದೇ ಮೊದಲು. ಸಾವ್ಕಾರರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಬರೋಬರ. ಒಂದು ತಿಂಗಳು," ಎಂದರು.

ನಾನು ಕುಂಭಾರಿಯ ಒಕ್ಕಲು ಮನೆಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಸಾಲಿ ಕಲಿತಿದ್ದೆ, ರಂಗೋಲಿ ಚೆನ್ನಾಗಿ ಹಾಕುತ್ತಿದ್ದೆ. ಆ ರಂಗೋಲಿ ನೋಡಿಯೇ ಊರಿನ ನೇಕಾರರೊಬ್ಬರು ನನ್ನನ್ನು ಈ ಕಾರಖಾನೆಗೆ ಕಳಿಸಿದ್ದು. ಆಗ ಗ್ರಾಫ್ ಕಾಗದದ ಕಾಲ. ಒಂದು ಚೌಕಕ್ಕೆ ಒಂದು ಎಳೆ. ಚೌಕ ತುಂಬಿದರೆ ಕೆಂಪು ನೂಲು ಮೇಲೆ, ಬಿಟ್ಟರೆ ಬಿಳಿ ನೂಲು ಮೇಲೆ. ಒಂದು ನವಿಲಿಗೆ ಸಾವಿರಾರು ಚೌಕ. ನಾಲ್ಕು ವರ್ಷ ಹಾಗೆ ಪೆನ್ಸಿಲ್ ಹಿಡಿದು ತುಂಬಿದ ಮೇಲೆ ಕಂಪ್ಯೂಟರ್ ಬಂತು, ಪೆನ್ಸಿಲ್ ಹೋಗಿ ಮೌಸ್ ಬಂತು. ಚೌಕ ಮಾತ್ರ ಅದೇ ಉಳಿಯಿತು.

ಆ ಮೊದಲ ಕಂಪ್ಯೂಟರ್ ಎರಡೇ ವರ್ಷಕ್ಕೆ ಸತ್ತಿತು. ಒಂದು ಮುಂಜಾನೆ ಗುಂಡಿ ಒತ್ತಿದರೆ ಒಳಗಿನಿಂದ ಕಟಕಟ ಸದ್ದು ಮಾತ್ರ ಬಂತು. ಎರಡು ವರ್ಷದ ಡಿಸೈನ್ ಅಷ್ಟೂ ಹೋಯಿತು. ಇನ್ನೊಂದು ಕಡೆ ಪ್ರತಿ ಇಡಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆಗ ಸಾವ್ಕಾರರ ತಂದೆ ಇನ್ನೂ ಇದ್ದರು. ಅವರು ಬೈಯಲಿಲ್ಲ. ಗೋದಾಮಿನಿಂದ ಮಾದರಿ ಚಾದರಗಳನ್ನು ತರಿಸಿ, "ಎಳಿ ಎಣಿಸಿ ತಿರುಗಿ ಬರಿ, ಮಗಳ," ಎಂದರು. ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ಎಣಿಸಿ, ಬಟ್ಟೆಯಿಂದ ಡಿಸೈನನ್ನು ವಾಪಸ್ಸು ತೆಗೆದೆ. ಮಳೆಗಾಲದಲ್ಲಿ ಶುರುವಾದದ್ದು ಸಂಕ್ರಾಂತಿಗೆ ಮುಗಿಯಿತು. ಕಣ್ಣಿಗೆ ಕನ್ನಡಕ ಬಂದದ್ದು ಆ ವರ್ಷವೇ. ಅವತ್ತಿನಿಂದ ಒಂದೇ ಕಡೆ ಇರುವ ಯಾವ ವಸ್ತುವನ್ನೂ ನಾನು ನಂಬಿಲ್ಲ.

ಹಾಗಾಗಿ ಕಂಪ್ಯೂಟರ್ ಮಾರುವವರು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಯಂತ್ರಕ್ಕೆ ಒಂದೊಂದು ಪುಟ ಬರೆದದ್ದು. ಇದರಲ್ಲಿ ಏನಿದೆ, ಯಾವ ಕೆಲಸಕ್ಕೆ ಬೇಕು, ಇದು ನಾಳೆ ನಿಂತರೆ ಏನೇನು ನಿಲ್ಲುತ್ತದೆ. ಬರೆಯುತ್ತ ಹೋದಂತೆ ಮೂರೂ ಒಂದೇ ತರಹದವಲ್ಲ ಎಂದು ಕಂಡಿತು. ಎರಡರಲ್ಲಿ ನಾನು ಡಿಸೈನ್ ಬಿಡಿಸುತ್ತಿದ್ದೆ, ಗಿರಾಕಿಗಳ ಮೇಲ್ ನೋಡುತ್ತಿದ್ದೆ. ಮೂರನೆಯದು ಎಲ್ಲಕ್ಕಿಂತ ಹಳೆಯದು. ನಾನು ಬಿಡಿಸಿದ ಚಿತ್ರವನ್ನು ಮಗ್ಗಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಪ್ರೋಗ್ರಾಮ್ ಇದ್ದದ್ದು ಅದೊಂದರಲ್ಲೇ. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಯಂತ್ರದ ಹಿಂಬದಿಯಲ್ಲಿ ಪೆನ್‌ಡ್ರೈವಿನಂಥ ಬೆರಳುದ್ದದ ಒಂದು ಕೀಲಿ ಸಿಕ್ಕಿಸಿದರೆ ಮಾತ್ರ ಆ ಪ್ರೋಗ್ರಾಮ್ ತೆರೆಯುತ್ತಿತ್ತು. ಹೊಸ ಕಂಪ್ಯೂಟರ್ ಕೂಡಿಸಿ ಹಳೆಯದನ್ನು ಗುಜರಿಗೆ ಹಾಕಿದ್ದರೆ ಐದನೆಯ ದಿನವೇ ಮಗ್ಗಗಳು ಹೊಸ ಡಿಸೈನ್ ಇಲ್ಲದೆ ನಿಲ್ಲುತ್ತಿದ್ದವು.

ವಾರದ ಸೂಟಿಯ ದಿನ, ರವಿವಾರ, ಎಸ್‌ಟಿ ಬಸ್ ಹಿಡಿದು ಅಕ್ಕಲಕೋಟೆಗೆ ಹೋದೆ. ಅಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದಾರೆ, ನನ್ನ ವಯಸ್ಸಿನವರೇ. ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಾರೆ. ಅವರ ಅಂಗಡಿಯಲ್ಲಿ ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್ ಒಂದು ಮುಂಜಾನೆಯಿಂದ ಸಂಜೆಯವರೆಗೆ ಓಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅದು ಹೇಗೆ ಎಂದು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಇದರಾಗ ವಿಂಡೋಸ್ ಇಲ್ಲ, ಆಪಾ. ಲಿನಕ್ಸ್ ಐತಿ," ಎಂದರು. "ವಿಂಡೋಸ್ ಹೆಂಗ ಮಷೀನ್ ನಡಸ್ತೈತೋ ಹಂಗ ಇದೂ ನಡಸ್ತೈತಿ. ಜಗತ್ತಿನ ಮಂದಿ ಕೂಡಿ ಬರದದ್ದು. ಮುದುಕ ಮಷೀನ್ ಅಂತ ಬಾಗಲದಾಗ ನಿಂದ್ರಸೂದಿಲ್ಲ, ಒಳಗ ಕರ್ಕೋತೈತಿ."

"ಫುಕಟ್ ಐತೇನು?"

"ಫುಕಟ್ ಐತಿ. ಆದ್ರ ಕಲಿಯೂದು ಫುಕಟ್ ಇಲ್ಲ. ನೀವ ಕಲೀಬೇಕು."

"ನೀವ ಬಂದು ಹಾಕಿಕೊಡ್ರಲ್ಲ."

"ನಾ ಹಾಕಿಕೊಟ್ರ, ನಾಳಿ ಕೆಟ್ಟಾಗ ಮತ್ತ ನನ್ನ ದಾರಿ ನೋಡ್ಕೋತ ಕುಂದರ್ತೀರಿ. ನಿಮ್ಮ ಕೈಲೆ ಮಾಡ್ರಿ. ನಾ ಹಿಂದ ನಿಂದರ್ತೀನಿ."

ಆ ಮಾತಿಗೆ ನಾನು ಇವತ್ತಿಗೂ ಋಣಿ. ಅಂಗಡಿಯ ಮೂಲೆಯಲ್ಲಿದ್ದ ಒಂದು ಮುರುಕು ಕಂಪ್ಯೂಟರ್ ಡಬ್ಬಿಯ ಮೇಲೆ ಅವತ್ತೇ ಕೈಯಾಡಿಸಿದೆ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಹಾಕುವುದು, ಅದರಿಂದಲೇ ಯಂತ್ರ ಎಬ್ಬಿಸುವುದು, ಡಿಸ್ಕಿಗೆ ಏನೂ ಮಾಡದೆ ಮೊದಲು ಸುಮ್ಮನೆ ನೋಡುವುದು. ಭಾಷೆ ಆರಿಸುವ ಪಟ್ಟಿಯಲ್ಲಿ ಇಳಿಯುತ್ತ ಇಳಿಯುತ್ತ 'ಕನ್ನಡ' ಎಂಬ ಅಕ್ಷರ ಕಂಡಾಗ ನನ್ನ ಬೆರಳು ತಾನಾಗಿ ನಿಂತಿತು. ಒತ್ತಿದೆ. ಅರ್ಧ ಪದಗಳು ಕನ್ನಡವಾದವು, ಅರ್ಧ ಇಂಗ್ಲಿಷಿನಲ್ಲೇ ಉಳಿದವು. ಕೆಲವು ಕನ್ನಡ ಪದಗಳು ಇಂಗ್ಲಿಷಿಗಿಂತ ಕಠಿಣವಾಗಿದ್ದವು. ನಗುತ್ತ ನಗುತ್ತ ಓದಿದೆ. ಸೋಲಾಪುರದಲ್ಲಿ ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಕಾರಖಾನೆಯ ಹಾಜರಿ ಎಲ್ಲ ಮರಾಠಿಯಲ್ಲಿ ಓದಿ ರೂಢಿಯಾದವಳಿಗೆ ಕಂಪ್ಯೂಟರಿನೊಳಗೆ ಸಾಲಿಯ ಅಕ್ಷರ ಸಿಕ್ಕಿತ್ತು.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. "ಕೈ ಹಚ್ಚೂಕಿಂತ ಮೊದಲ ಎಲ್ಲಾದರ ಕಾಪಿ ತಗೋರಿ. ಎರಡು ತಗೋರಿ. ತಗೊಂಡಮ್ಯಾಗ ತೆರದು ನೋಡ್ರಿ. ತೆರದು ನೋಡದ ಕಾಪಿ ಕಾಪಿನೇ ಅಲ್ಲ, ಆಪಾ."

ಮುಂದಿನ ವಾರವಿಡೀ ಪ್ರತಿ ತೆಗೆಯುವುದರಲ್ಲೇ ಹೋಯಿತು. ಇಪ್ಪತ್ತು ವರ್ಷಕ್ಕೂ ಮೀರಿದ ಕೆಲಸ. ಪ್ರತಿ ಡಿಸೈನನ್ನೂ ಯಾವ ಕಂಪ್ಯೂಟರಿಗೂ ತಿಳಿಯುವ ಸಾದಾ ಚಿತ್ರವಾಗಿ ಮತ್ತೊಮ್ಮೆ ಉಳಿಸಿದೆ. ನಾಳೆ ಯಾವ ಪ್ರೋಗ್ರಾಮ್ ಬಂದರೂ ಹೋದರೂ ಚಿತ್ರ ಚಿತ್ರವಾಗಿಯೇ ಉಳಿಯಲಿ ಎಂದು. ಒಂದು ಪ್ರತಿ ಅಕ್ಕಲಕೋಟೆಯ ಅಂಗಡಿಯಲ್ಲಿಟ್ಟೆ. ಇನ್ನೊಂದನ್ನು ಶನಿವಾರ ಸಂಜೆ ಕೆಲಸ ಮುಗಿಸಿ, ಮನೆಗೆ ಒಯ್ದು, ಜೋಳದ ಹಿಟ್ಟಿನ ಡಬ್ಬಿಯ ಮೇಲಿನ ಗೂಡಿನಲ್ಲಿಟ್ಟೆ. ಅವತ್ತಿನಿಂದ ಪ್ರತಿ ಶನಿವಾರ ಆ ವಾರದ ಕೆಲಸವನ್ನು ಪ್ರತಿಗಳಿಗೆ ಸೇರಿಸಿ, ಸೂಟಿಯ ದಿನ ಅಕ್ಕಲಕೋಟೆಗೂ ಮುಟ್ಟಿಸುತ್ತಿದ್ದೆ.

ಮೊದಲ ಯಂತ್ರ ಸಲೀಸಾಗಿ ಬದಲಾಯಿತು. ಹಳೆಯ ಡಿಸ್ಕ್ ತೆಗೆದು ಅಕ್ಕಲಕೋಟೆಯಿಂದ ತಂದ ಚಿಕ್ಕ, ಚುರುಕಾದ ಡಿಸ್ಕ್ ಹಾಕಿದೆ, ಲಿನಕ್ಸ್ ಕೂಡಿಸಿದೆ. ಚಹಾ ಕುಡಿದು ಬರುವಷ್ಟು ಹೊತ್ತು ತೆಗೆದುಕೊಂಡು ಏಳುತ್ತಿದ್ದ ಯಂತ್ರ ಈಗ ಸೆರಗು ಸರಿ ಮಾಡಿಕೊಳ್ಳುವುದರೊಳಗೆ ಎದ್ದು ಕೂರುತ್ತಿತ್ತು. ಆದರೆ ಮೊದಲ ಡಿಸೈನ್ ತೆರೆದು ಅಳತೆ ಬದಲಿಸಿದಾಗ ಕೆಂಪಿಗೂ ಬಿಳಿಗೂ ನಡುವೆ ಗುಲಾಬಿ ಬಣ್ಣದ ಮಸುಕು ಬಂತು. ಫೋಟೋಗೆ ಅದು ಚಂದ. ಮಗ್ಗಕ್ಕೆ ಅದು ವಿಷ, ಯಾಕೆಂದರೆ ನೂಲು ಕೆಂಪಿರಬೇಕು ಇಲ್ಲವೇ ಬಿಳಿ ಇರಬೇಕು, ನಡುವೆ ಏನೂ ಇಲ್ಲ. ಎರಡು ದಿನ ಹುಡುಕಿದೆ. ಅಳತೆ ಬದಲಿಸುವ ಕಿಟಕಿಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಂಚು ನಯಗೊಳಿಸುವುದನ್ನು ನಿಲ್ಲಿಸುವ ಒಂದು ಆಯ್ಕೆ ಇತ್ತು. ಅದನ್ನು ಒತ್ತಿದ ಕೂಡಲೇ ಚೌಕಗಳು ಗ್ರಾಫ್ ಕಾಗದದ ಹಾಗೆ ಚೊಕ್ಕವಾಗಿ ನಿಂತವು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅಕ್ಕಲಕೋಟೆಯವರಿಗೂ ಗೊತ್ತಿರಲಿಲ್ಲ. ನಾನೇ ಅವರಿಗೆ ಫೋನ್ ಮಾಡಿ ಹೇಳಿದೆ.

ಆ ಉಮೇದಿನಲ್ಲೇ ಎರಡನೆಯ ಯಂತ್ರಕ್ಕೆ ಕೈ ಹಾಕಿದೆ, ಅಲ್ಲಿಯೇ ಎಡವಿದೆ. ಅದರಲ್ಲಿ ಎರಡು ಡಿಸ್ಕ್ ಇದ್ದವು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಎಲ್ಲ ಡಿಸೈನ್‌ಗಳು. ಯಾವುದನ್ನು ಅಳಿಸಬೇಕು ಎಂದು ಪರದೆ ಕೇಳಿದಾಗ ಹೆಸರು ಪೂರ್ತಿ ಓದದೆ ಮೊದಲಿನದನ್ನು ಒತ್ತಿಬಿಟ್ಟೆ. ಮೊದಲಿನದು ಡಿಸೈನ್‌ಗಳದ್ದು.

ತಿಳಿಯುವ ಹೊತ್ತಿಗೆ ಆಗಿಹೋಗಿತ್ತು. ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಹೊರಗೆ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕರೆಯುತ್ತಿದ್ದರು. ಹಳೆಯ ಕಟಕಟ ಸದ್ದು ಕಿವಿಯಲ್ಲಿ ಬಂದ ಹಾಗಾಯಿತು. ಒಂದು ಗಳಿಗೆ, ಯಾರಿಗೂ ಹೇಳದೆ ಸರಿಪಡಿಸಿಬಿಡೋಣ ಎಂದೂ ಅನ್ನಿಸಿತು. ಆಮೇಲೆ ಎದ್ದು ನೇರ ಸಾವ್ಕಾರರ ಖೋಲಿಗೆ ಹೋದೆ.

"ನನ್ನ ಕೈಲೆ ತಪ್ಪಾಗೈತ್ರಿ. ಡಿಸೈನ್ ಇದ್ದ ಡಿಸ್ಕ್ ಅಳಿಸೀನಿ."

ಅವರ ಕೈಯಲ್ಲಿದ್ದ ರೊಟ್ಟಿ ತುಂಡು ತಟ್ಟೆಗಿಳಿಯಿತು. "ಎಲ್ಲಾನೂ?"

"ಎಲ್ಲಾನೂ. ಆದ್ರ ಶನಿವಾರತನಕದ್ದು ಎರಡು ಕಡೆ ಅದಾವ. ಒಂದು ಅಕ್ಕಲಕೋಟ್ಯಾಗ, ಒಂದು ನಮ್ಮ ಮನ್ಯಾಗ. ಹೋಗಿದ್ದು ಇವತ್ತ ಮುಂಜಾನಿ ಬಿಡಿಸಿದ್ದ ಒಂದು ಟಾವೆಲ್ಲಿನ ಅಂಚು ಅಷ್ಟ."

"ಖಾತ್ರಿ?"

"ತೆರದು ನೋಡೀನ್ರಿ."

ಸಾವ್ಕಾರರು ಉಸಿರು ಬಿಟ್ಟರು. "ಹಂಗಾರ ಉಣ್ಣು ಹೋಗು ಮೊದಲ," ಎಂದರು. ನನಗೆ ಅನ್ನ ಸೇರಲಿಲ್ಲ. ಮನೆಗೆ ಫೋನ್ ಮಾಡಿ, ಗೂಡಿನಲ್ಲಿಟ್ಟ ಪ್ರತಿಯ ಡಿಸ್ಕ್ ತರಲು ಹೇಳಿದೆ.

ನನ್ನ ಯಜಮಾನರು ಹೊಲದಿಂದ ಆಗಷ್ಟೇ ಬಂದಿದ್ದರು. ಅವರಿಗೆ ಕಂಪ್ಯೂಟರ್ ತಿಳಿಯದು, ನನ್ನ ಧ್ವನಿ ತಿಳಿಯುತ್ತದೆ. ಏನು, ಎತ್ತ ಎಂದು ಕೇಳಲೇ ಇಲ್ಲ. ಒಂದು ತಾಸಿನೊಳಗೆ ಕಾರಖಾನೆಯ ಗೇಟಿನಲ್ಲಿ ನಿಂತಿದ್ದರು, ಕಾಲಲ್ಲಿ ಹೊಲದ ಮಣ್ಣು ಹಾಗೇ ಇತ್ತು. ಡಿಸ್ಕನ್ನು ತಮ್ಮ ಒಗೆದಿಟ್ಟ ಟೊಪ್ಪಿಗೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದಿದ್ದರು.

"ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಕ್ತಾ?" ಎಂದೆ, ಬೇರೇನೂ ಬಾಯಿಗೆ ಬರದೆ.

"ಒಬ್ಬಾಂವ ಎದ್ದು ಕೊಟ್ಟ. ಕೈಯಾಗ ಏನೈತಿ, ಹಿಂಗ್ಯಾಕ ಹಿಡದೀರಿ ಅಂದ. ನಮ್ಮ ಮನಿಯಾಕಿ ಇಪ್ಪತ್ತು ವರ್ಷದ ದುಡಿಮಿ ಐತಿ, ಧಕ್ಕಾ ಹಚ್ಚಬ್ಯಾಡಪಾ ಅಂದೆ."

ನನ್ನ ದುಡಿಮೆಯ ಬಗ್ಗೆ ಅವರು ಹೊರಗಿನವರ ಮುಂದೆ ಹೀಗೆ ಮಾತಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮುಖ ತಿರುಗಿಸಿಕೊಂಡು ಡಿಸ್ಕ್ ಇಸಿದುಕೊಂಡೆ.

ಜೋಡಿಸಿದೆ. ಅವರು ಬಾಗಿಲಲ್ಲಿ, ಸಾವ್ಕಾರರು ನನ್ನ ಕುರ್ಚಿಯ ಹಿಂದೆ. ಪರದೆಯ ಮೇಲೆ ಕಡತಗಳ ಪಟ್ಟಿ ಮೂಡಿತು. ಒಂದು ತೆರೆದೆ, ಜೋಡಿ ನವಿಲು. ಇನ್ನೊಂದು, ಮಾವಿನಕಾಯಿ ಅಂಚು. ಮತ್ತೊಂದು, ಮಂಗಳವೇಢೆಯ ಗಿರಾಕಿಯೊಬ್ಬರು ಮಗಳ ಮದುವೆಗೆ ಮಾಡಿಸಿಕೊಂಡ ಜೋಳದ ತೆನೆಯ ಚಾದರ. ಎಲ್ಲವೂ ಇದ್ದವು.

"ಇದೆಲ್ಲಾ ನೀನ ಬಿಡಿಸೀದಿ?" ನನ್ನ ಯಜಮಾನರು ಬಾಗಿಲಿನಿಂದಲೇ ಕೇಳಿದರು.

"ಮತ್ತ್ಯಾರು?" ಎಂದವರು ಸಾವ್ಕಾರರು.

ಮರುದಿನ ಮುಂಜಾನೆ ಟಾವೆಲ್ಲಿನ ಅಂಚನ್ನು ತಿರುಗಿ ಬಿಡಿಸಿದೆ. ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಎರಡನೆಯ ಯಂತ್ರಕ್ಕೂ ಲಿನಕ್ಸ್ ಕೂತಿತು. ಈ ಸಲ ಡಿಸ್ಕಿನ ಹೆಸರನ್ನು ಬೆರಳಿಟ್ಟು, ಬಾಯಿಬಿಟ್ಟು ಓದಿ ಒತ್ತಿದೆ.

ಮೂರನೆಯದರಲ್ಲಿ ನಾನು ಸೋತೆ. ಮಗ್ಗದ ಭಾಷೆಗೆ ತಿರುಗಿಸುವ ಆ ಪ್ರೋಗ್ರಾಮನ್ನು ಲಿನಕ್ಸಿನೊಳಗೆ ನಡೆಸಲು ಅಕ್ಕಲಕೋಟೆಯವರೂ ನಾನೂ ಎರಡು ಸೂಟಿ ಕಳೆದೆವು. ಪ್ರೋಗ್ರಾಮ್ ತೆರೆಯುತ್ತಿತ್ತು, ಕೀಲಿ ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ. ಕೊನೆಗೆ ಅವರೇ, "ಇದನ್ನ ಬಿಡ್ರಿ, ಆಪಾ. ಎಲ್ಲಾದಕ್ಕೂ ಒಂದ ಔಷಧ ಇಲ್ಲ," ಎಂದರು. ಆ ಯಂತ್ರವನ್ನು ಹಳೆಯ ವಿಂಡೋಸಿನಲ್ಲೇ ಬಿಟ್ಟೆವು, ಆದರೆ ಇಂಟರ್ನೆಟ್ ತಂತಿಯನ್ನು ಕಿತ್ತು ಸುರುಳಿ ಸುತ್ತಿ ಕಪಾಟಿನಲ್ಲಿಟ್ಟೆ. ಹೊರಗಿನವರು ಯಾರೂ ಇನ್ನು ಅದರ ಹತ್ತಿರ ಬರಲಾರರು. ಅದಕ್ಕಾಗಿಯೇ ಮೀಸಲಿಟ್ಟ ಒಂದು ಪೆನ್‌ಡ್ರೈವಿನಲ್ಲಿ ಚಿತ್ರ ಒಯ್ದು ಕೊಡುವುದು, ಮಗ್ಗದ ಕಡತ ತರುವುದು, ಅಷ್ಟೇ. ಅದರಂಥದೇ ಇನ್ನೊಂದು ಹಳೆಯ ಡಬ್ಬಿ ಅಕ್ಕಲಕೋಟೆಯಲ್ಲೇ ಸಿಕ್ಕಿತು. ಡಿಸ್ಕನ್ನು ಇದ್ದದ್ದು ಇದ್ದಂತೆ ಅದಕ್ಕೂ ಇಳಿಸಿ, ಮೇಲೆ ಬಟ್ಟೆ ಹೊದಿಸಿ ಪಕ್ಕದಲ್ಲಿಟ್ಟೆ. ತಿಂಗಳಿಗೊಮ್ಮೆ ಅದನ್ನು ಎಬ್ಬಿಸಿ, ಕೀಲಿ ಸಿಕ್ಕಿಸಿ, ಒಂದು ಡಿಸೈನ್ ತಿರುಗಿಸಿ ನೋಡುತ್ತೇನೆ.

ಕೀಲಿ ಮಾತ್ರ ಒಂದೇ ಇದೆ. ಅದು ಮುರಿದರೆ ನನ್ನ ಜಾಣತನವೆಲ್ಲ ನಿಲ್ಲುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಮಸಿಯಲ್ಲಿ ಬರೆದೆ, ಸಾವ್ಕಾರರಿಗೆ ಓದಿ ಹೇಳಿದೆ. ಮಗ್ಗದ ಮೇಲೆ ಕೂತು ಡಿಸೈನಿನಂತೆ ಎಳೆ ಎತ್ತುವ ಜಕಾರ್ಡ್ ಯಂತ್ರ ಮಾರಿದವರನ್ನು ಕರೆಸಿ ಹೊಸ ಪ್ರೋಗ್ರಾಮ್ ಕೇಳಬೇಕು, ಬರುವ ಯುಗಾದಿಯೊಳಗೆ ಕೇಳಬೇಕು ಎಂದು ದಿನ ಗೊತ್ತು ಮಾಡಿದೆವು. ಲಿನಕ್ಸಿಗೂ ಅಪ್ಡೇಟ್ ನಿಲ್ಲುವ ಕಡೆಯ ದಿನ ಇರುತ್ತದೆ, ನಾನು ಹಾಕಿದ್ದಕ್ಕೂ ಇದೆ. ಅದನ್ನು ಚೀಟಿಯಲ್ಲಿ ಬರೆದು ಎರಡೂ ಯಂತ್ರದ ಹಣೆಗೆ ಅಂಟಿಸಿದ್ದೇನೆ. ಆ ದಿನಕ್ಕೆ ಆರು ತಿಂಗಳು ಮೊದಲೇ ಹೊಸದನ್ನು ಹಾಕಿ ನೋಡಬೇಕು.

ಒಂದು ತಿಂಗಳ ಗಡುವು ಮುಗಿದ ದಿನ ಕಂಪ್ಯೂಟರ್ ಮಾರುವವರು ಮತ್ತೆ ಬಂದರು. ಯಂತ್ರ ಓಡುವುದನ್ನು ನೋಡಿದರು, ಮೌಸ್ ಹಿಡಿದು ನಾಲ್ಕು ಕಡೆ ಒತ್ತಿದರು. ಒಳ್ಳೆಯ ಮನುಷ್ಯ, ಮುಖ ಕೆಡಿಸಿಕೊಳ್ಳಲಿಲ್ಲ. "ಯಾರ ಕೂಡಿಸಿದ್ರು?" ಎಂದು ಕೇಳಿದರು. ಸಾವ್ಕಾರರು ನನ್ನ ಕಡೆ ಕೈ ತೋರಿಸಿದರು.

"ಹೊಸಾ ಮಷೀನ್ ಬೇಕಾದಾಗ ನಿಮ್ಮ ಕಡೇನ ತಗೋತೀವ್ರಿ," ಎಂದರು. "ಯಾವುದು, ಯಾವಾಗ ಅನ್ನೂದು ನಮ್ಮ ತಂಗೆವ್ವ ಬರದಿಟ್ಟಾಳ."

ಅವರು ಹೋದ ಮೇಲೆ ಸಾವ್ಕಾರರು ಆ ನೋಟ್‌ಬುಕ್ಕಿನ ಪುಟಗಳನ್ನು ಒಂದೇ ಹಾಳೆಗೆ ಇಳಿಸಿ ಬರೆಯಲು ಹೇಳಿದರು, ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ಬರೆದು ಒಯ್ದು ಕೊಟ್ಟೆ. ನಿಧಾನವಾಗಿ ಓದಿದರು. ಆಮೇಲೆ ತಮ್ಮ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು.

"ಸಹಿ ಮಾಡು."

"ನಾನ್ಯಾಕ್ರಿ? ನೀವು ಮಾಡ್ರಿ."

"ಯಾರು ಮಾಡ್ಯಾರೋ ಅವರ ಸಹಿ ಇರಬೇಕು."

ಚಾದರದ ಮೇಲೆ ಡಿಸೈನ್ ಬಿಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ನಾನು ಬಿಡಿಸಿದ ನವಿಲುಗಳನ್ನು ಹೊದ್ದು ಎಷ್ಟು ಊರಿನ ಜನ ಮಲಗುತ್ತಾರೋ, ಅವರಲ್ಲಿ ಒಬ್ಬರಿಗೂ ನಾನು ಗೊತ್ತಿಲ್ಲ. ಅದು ನನಗೆ ಎಂದೂ ಕೊರತೆ ಅನ್ನಿಸಿರಲಿಲ್ಲ. ಆದರೂ ಆ ಹಾಳೆಯ ಕೆಳಗೆ, ಸಾಲಿಯಲ್ಲಿ ಕಲಿತ ದುಂಡಕ್ಷರದಲ್ಲಿ, ಕನ್ನಡದಲ್ಲೇ ಸಹಿ ಮಾಡುವಾಗ ಬೆನ್ನು ತಾನಾಗಿ ನೆಟ್ಟಗಾಯಿತು.

ಹಾಳೆ ಈಗ ಖೋಲಿಯ ಗೋಡೆಯ ಮೇಲಿದೆ. ಅಕ್ಕಪಕ್ಕದ ಕಾರಖಾನೆಗಳ ಇಬ್ಬರು ಡಿಸೈನರುಗಳು, ನನಗಿಂತ ಚಿಕ್ಕ ಹೆಣ್ಣುಮಕ್ಕಳು, ಕಳೆದ ತಿಂಗಳು ಅದನ್ನು ನೋಡಲು ಬಂದಿದ್ದರು. ಲಿನಕ್ಸ್ ಹಾಕುವುದು ಹೇಗೆ ಎಂದು ಕೇಳಿದರು. ಅದು ಆಮೇಲೆ, ಮೊದಲು ಇದಕ್ಕೆ ಉತ್ತರ ಹೇಳಿ ಎಂದೆ. "ನಾಳಿ ಮುಂಜಾನಿ ನಿಮ್ಮ ಮಷೀನ್ ಏಳಲಿಲ್ಲ ಅಂದ್ರ, ನಿಮ್ಮ ಕೆಲಸ ಎಲ್ಲೈತಿ?"

ನಾನು ಎರಡು ಕುರ್ಚಿ ಎಳೆದು, ಒಬ್ಬೊಬ್ಬರಿಗೆ ಒಂದೊಂದು ಖಾಲಿ ಹಾಳೆ ಕೊಟ್ಟೆ.